ಎರಡನೆಯ ಹಾಳೆ

ಸಲಿಕೆಯಲ್ಲಿದ್ದ ಮಣ್ಣು ಕೆಳಗೆ ಬೀಳಲಿಲ್ಲ. ನವೆಂಬರಿನ ಚಳಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಮಾರ್ಲಿಸ್ ಸಲಿಕೆಯನ್ನು ಗುಂಡಿಯ ಅಂಚಿಗೆ ಒಮ್ಮೆ ತಟ್ಟಿದಳು, ಇನ್ನೊಮ್ಮೆ ತಟ್ಟಿದಳು. ಕೆಳಗೆ ಜೀಗ್ಲಿಂಡೆಯ ಬೂದಿಯಿದ್ದ ಹಸಿರು ಕಲಶ, ಒಂದು ಮೊಳ ಆಳದಲ್ಲಿ.

"ಬೇಗ ಮುಗಿಸೇ ಮಾರ್ಲಿಸ್," ಹಿಂದಿನಿಂದ ಯಾರೋ ಹಳೆಯ ಸಹೋದ್ಯೋಗಿ ಗೊಣಗಿದ. "ಇನ್ನೂ ಹೀಗೇ ನಿಂತ್ರೆ ನಮಗೂ ಇಲ್ಲೇ ಒಂದೊಂದು ಗುಂಡಿ ತೋಡಬೇಕಾಗತ್ತೆ."

ಒಬ್ಬಿಬ್ಬರು ನಕ್ಕರು. ಮಾರ್ಲಿಸ್ ಬೆರಳಿನಿಂದ ಮಣ್ಣು ಕಿತ್ತು ಹಾಕಿದಳು. ಒಂದು ಮಾತು ಹೇಳಿಬಿಡಬೇಕೆಂದು ಮನೆಯಿಂದಲೇ ಗಟ್ಟಿಮಾಡಿಕೊಂಡು ಬಂದಿದ್ದಳು. ಮೂವತ್ತನಾಲ್ಕು ವರ್ಷ ಹೇಳದೆ ಉಳಿದದ್ದು. ಕೇಳಬೇಕಾದವಳು ಈಗ ಕಲಶದಲ್ಲಿದ್ದಳು. ಉಳಿದವರು ಅವಳ ಗಂಡ ಲೋಥಾರ್, ಮಗಳು ಕತ್ರಿನ್. ಅವರಿಗಾದರೂ ಇವತ್ತು ಹೇಳಲೇಬೇಕು.

ಮಸಣದ ಸಭಾಂಗಣದಲ್ಲಿ ಪಾದ್ರಿಯ ಬದಲು ಕರೆಸಿದ್ದ ಬಾಡಿಗೆಯ ಭಾಷಣಕಾರ ಹೇಳಿದ್ದು ಅವಳ ಕಿವಿಯಲ್ಲಿನ್ನೂ ಇತ್ತು: "ಮುದ್ರಣಯಂತ್ರ ಕಾರ್ಖಾನೆಯ ನಕ್ಷೆ ಉಗ್ರಾಣದಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡಿದ ಜೀಗ್ಲಿಂಡೆ..." ಉಗ್ರಾಣಕ್ಕೆ ಮುಂಚೆ ಹನ್ನೊಂದು ವರ್ಷ ಅವಳು ಏನಾಗಿದ್ದಳೆಂದು ಆತನಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

*

ಯಂತ್ರಗಳ ಲೆಕ್ಕಾಚಾರ ವಿಭಾಗದ ಎಂಜಿನಿಯರುಗಳಲ್ಲಿ ಜೀಗ್ಲಿಂಡೆಯೊಬ್ಬಳೇ ಹೆಂಗಸು. ಆಫ್‌ಸೆಟ್ ಯಂತ್ರದ ಉರುಳೆಗಳ ನಡುಕವನ್ನು ಅಡಗಿಸುವುದು ಅವಳ ಕೆಲಸ. ಉರುಳೆಯ ಉದ್ದಕ್ಕೂ ಒಂದು ಸಣ್ಣ ಸೀಳು; ಅಚ್ಚಿನ ತಗಡಿನ ಅಂಚನ್ನು ಅದರೊಳಗೆ ಸಿಕ್ಕಿಸುತ್ತಾರೆ. ಒಂದು ಉರುಳೆಯ ಸೀಳು ಇನ್ನೊಂದರ ಸೀಳನ್ನು ಸಂಧಿಸಿದಾಗ ಅವುಗಳ ನಡುವಿನ ಒತ್ತಡ ಕಣ್ಣು ಮಿಟುಕಿಸುವಷ್ಟು ಹೊತ್ತು ಸಡಿಲಾಗಿ ಮತ್ತೆ ಬಡಿಯುತ್ತದೆ. ಟನ್ನುಗಟ್ಟಲೆ ಉಕ್ಕು ತಂತಿಯ ಹಾಗೆ ಮಿಡಿಯುತ್ತದೆ. ಕಾಗದದ ಮೇಲೆ ಬೂದುಬಣ್ಣದ ಗೆರೆಗಳು ಮೂಡುತ್ತವೆ.

ಜೀಗ್ಲಿಂಡೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. "ನೋಡೇ ಮಾರ್ಲಿಸ್," ಎನ್ನುತ್ತಿದ್ದಳು. "ನಿಧಾನಕ್ಕೆ ಓಡಿಸಿ ಒಂದು ಹಾಳೆ ತೆಗಿ, ಜೋರಾಗಿ ಓಡಿಸಿ ಇನ್ನೊಂದು ತೆಗಿ. ಎರಡರಲ್ಲೂ ಗೆರೆಗಳ ಅಂತರ ಒಂದೇ ಇದ್ರೆ ತಪ್ಪು ಹಲ್ಲುಚಕ್ರದ್ದು. ವೇಗದ ಜೊತೆ ಅಂತರಾನೂ ಹಿಗ್ಗಿದ್ರೆ ಉರುಳೆಯೇ ನಡುಗ್ತಾ ಇದೆ ಅಂತ. ಯಂತ್ರ ಸುಳ್ಳು ಹೇಳೋದಿಲ್ಲ."

ಹಾಳೆ ತೆಗೆದು, ಅದರ ಬೆನ್ನಿಗೆ ನೀಲಿ ಪೆನ್ಸಿಲಿನಲ್ಲಿ ವೇಗ ಬರೆಯುವುದು ಸಹಾಯಕಿಯಾಗಿದ್ದ ಮಾರ್ಲಿಸಳ ಕೆಲಸವಾಗಿತ್ತು.

ಎಂಬತ್ತಮೂರರ ಡಿಸೆಂಬರ್. ಕೀವ್‌ಗೆ ಹೊರಡಬೇಕಿದ್ದ ದೊಡ್ಡ ಯಂತ್ರದಲ್ಲಿ ಗೆರೆ ಕಾಣಿಸಿಕೊಂಡಿತು. ನಿಧಾನದ ಹಾಳೆ ಬಂತು. ವೇಗ ಏರಿಸುವಾಗ ಕಾಗದ ಹರಿಯಿತು. ಸುರುಳಿಯ ಕಾಗದವನ್ನು ಯಂತ್ರಕ್ಕೆ ಮತ್ತೆ ಪೋಣಿಸಲು ಮುಕ್ಕಾಲು ಗಂಟೆ ಬೇಕಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಹೇಳಿದರು, "ಅಂಗಡಿಗೆ ಕಿತ್ತಳೆ ಬಂದಿದೆಯಂತೆ."

ಆ ಕಾಲದಲ್ಲಿ ಕಿತ್ತಳೆ ಎಂದರೆ ವರ್ಷಕ್ಕೊಮ್ಮೆ, ಅದೂ ಸಾಲಿನಲ್ಲಿ ಮೊದಲು ನಿಂತವರಿಗೆ. ಮಾರ್ಲಿಸ್ ನಿಧಾನದ ಕಟ್ಟಿನಿಂದಲೇ ಇನ್ನೊಂದು ಹಾಳೆ ಎಳೆದು, ಅದರ ಬೆನ್ನಿಗೆ ಜೋರು ವೇಗದ ಅಂಕಿ ಬರೆದು, ಮೇಜಿನ ಮೇಲಿಟ್ಟು ಓಡಿದಳು. ಮರುದಿನ ಜೀಗ್ಲಿಂಡೆಗೂ ಮೂರು ಹಣ್ಣು ಕೊಟ್ಟಳು.

ಗೆರೆಗಳ ಅಂತರ ಒಂದೇ ಇತ್ತು. ಇರದೆ ಏನು. ಜೀಗ್ಲಿಂಡೆ ಹಲ್ಲುಚಕ್ರ ಎಂದು ಬರೆದು ಸಹಿ ಹಾಕಿದಳು. ಆರು ವಾರ ಹಗಲಿರುಳು ಎಲ್ಲ ಚಕ್ರ ಬದಲಾಯಿಸಿದರು. ಯಂತ್ರ ಹೊರಟಿತು, ಗೆರೆಗಳ ಸಮೇತ ವಾಪಸು ಬಂತು. ತಾನಿಟ್ಟ ಹಾಳೆಯೇ ಕಾರಣವೆಂದು ಮಾರ್ಲಿಸ್‌ಗೆ ಆ ಕ್ಷಣವೇ ಗೊತ್ತಾಯಿತು. ಹೇಳಿದರೆ ರಫ್ತಿನ ಯಂತ್ರದ ಪರೀಕ್ಷೆಯಲ್ಲಿ ಮೋಸ. ಕೆಲಸ ಹೋಗುತ್ತಿತ್ತು, ಮಗನ ಕಾಲೇಜು ಹೋಗುತ್ತಿತ್ತು. ಜೀಗ್ಲಿಂಡೆಯನ್ನು ಉಗ್ರಾಣಕ್ಕೆ ಕಳಿಸಿದರು.

ಆಮೇಲೆ ದೇಶವನ್ನು ಎರಡಾಗಿ ಸೀಳಿದ್ದ ಗೋಡೆ ಬಿತ್ತು, ಸರಕಾರ ಹೋಯಿತು, ಕಾರ್ಖಾನೆಗೂ ಬೀಗ ಬಿತ್ತು. ಹೆದರಿಸುವವರು ಯಾರೂ ಉಳಿಯಲಿಲ್ಲ. ಆದರೂ ಮಾರ್ಲಿಸ್ ಹೇಳಲಿಲ್ಲ. ಭಾನುವಾರಗಳಂದು ಇಬ್ಬರೂ ಜೊತೆಯಲ್ಲಿ ಕಾಫಿ ಕುಡಿದರು.

*

ಮಸಣದೆದುರಿನ ಹೋಟೆಲಿನಲ್ಲಿ ಕಾಫಿ, ಕೇಕು ಇಟ್ಟಿದ್ದರು. ಕತ್ರಿನ್ ಬಂದು ಪಕ್ಕದಲ್ಲಿ ಕೂತಳು.

"ಮಾರ್ಲಿಸತ್ತೆ, ಒಂದು ಕೇಳ್ಲಾ? ಅಮ್ಮ ಲೆಕ್ಕದಲ್ಲಿ ಅಷ್ಟು ದಡ್ಡಿಯಾ?"

"ಯಾರು ಹೇಳಿದ್ದು ಹಾಗಂತ?"

"ಅವಳೇ. ನನಗೆ ಒಂದು ದಿನಾನೂ ಲೆಕ್ಕ ಹೇಳಿಕೊಡಲಿಲ್ಲ. ನಿಮ್ಮಪ್ಪನ್ನ ಕೇಳು, ನನ್ನ ತಲೆ ನಂಬಬೇಡ ಅನ್ನೋಳು. ಸ್ವೆಟರ್ ಹೆಣೆಯುವಾಗ ಕುಣಿಕೆ ಎಣಿಸಿ ಎಣಿಸಿ ಕೊನೆಗೆ ನನ್ನ ಕೈಗೆ ಕೊಡೋಳು, ಸರಿಯಿದೆಯಾ ನೋಡು ಅಂತ." ಕತ್ರಿನ್ ದನಿ ತಗ್ಗಿಸಿದಳು. "ಕಪಾಟಿನಲ್ಲಿ ಎರಡು ಹಳೇ ಹಾಳೆ ಇಟ್ಟಿದ್ಲು. ಆಸ್ಪತ್ರೆಗೂ ತರಿಸಿಕೊಂಡ್ಲು. ಕೊನೇ ವಾರ ಅದನ್ನ ಕಿಟಕಿಗೆ ಹಿಡಿದು, ನನ್ನ ಕಣ್ಣಿಗೆ ಏನು ತಪ್ಪಿಹೋಯ್ತು, ಏನು ತಪ್ಪಿಹೋಯ್ತು ಅಂತ. ಹಿಂದೆ ನೀಲಿ ಅಂಕಿ ಬೇರೆ."

"ಎಲ್ಲಿವೆ ಅವು?"

"ಶವಪೆಟ್ಟಿಗೆಯಲ್ಲಿ ಅವಳ ಜೊತೇನೇ ಇಟ್ವಿ. ಸುಟ್ಟುಹೋದ್ವು."

ಮಾರ್ಲಿಸ್ ಎದ್ದಳು. ಮೇಜಿನ ತುದಿಯಲ್ಲಿ ಕೂತಿದ್ದ ಲೋಥಾರನ ಬಳಿ ಹೋಗಿ ಬಾಗಿದಳು.

"ಲೋಥಾರ್, ಜೀಗ್ಲಿಂಡೆ ತಪ್ಪು ಮಾಡಿರಲಿಲ್ಲ."

"ಹ್ಞಾಂ?"

"ತಪ್ಪು ಅವಳದಲ್ಲ ಅಂದೆ. ಎರಡನೇ ಹಾಳೆ..."

"ಜೋರಾಗಿ ಹೇಳು ಮಾರಾಯ್ತಿ." ಅವನು ಅಂಗೈಯನ್ನು ಕಿವಿಯ ಹಿಂದೆ ಒಡ್ಡಿದ. ನಲವತ್ತು ವರ್ಷ ಆ ಯಂತ್ರಗಳನ್ನು ಓಡಿಸಿ ನೋಡಿದವನು. "ಆ ಮುಂಡೇವು ನನ್ನ ಕಿವಿ ತಿಂದುಹಾಕಿವೆ. ಇಲ್ಲಿ ಎಲ್ಲರೂ ಪಿಸಿಪಿಸಿ ಅಂತೀರಿ. ಕೂಗು."

ಅವನ ದನಿಗೆ ಹೋಟೆಲು ನಿಶ್ಶಬ್ದವಾಯಿತು. ಚಮಚಗಳು ನಿಂತವು. ಕಾರ್ಖಾನೆಯ ಮುದುಕ ಮುದುಕಿಯರೆಲ್ಲ ತಿರುಗಿ ನೋಡಿದರು. ಕತ್ರಿನ್ ಕೂಡ.

ಮಾರ್ಲಿಸ್ ಉಸಿರೆಳೆದುಕೊಂಡಳು.

"ಕೇಕು ಚೆನ್ನಾಗಿದೆ ಅಂದೆ," ಎಂದು ಕೂಗಿದಳು.

"ಓ, ಕೇಕಾ." ಲೋಥಾರನ ಮುಖ ಅರಳಿತು. ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದ. ತನ್ನ ತಟ್ಟೆಯ ತುಂಡನ್ನು ಬೆರಳುಗಳಿಂದಲೇ ಎತ್ತಿ ಅವಳ ಅಂಗೈಯಲ್ಲಿಟ್ಟ. ಮಾರ್ಲಿಸ್ ಅದನ್ನು ಬಾಯಿಗಿಟ್ಟುಕೊಂಡಳು. ಮತ್ತೇನಾದರೂ ಹೇಳಿಯಾಳೆಂದು ಅವನು ಕಿವಿಯ ಹಿಂದಿನ ಕೈ ಇಳಿಸದೆ, ಅಗಿಯುತ್ತಿದ್ದ ಅವಳ ಬಾಯನ್ನೇ ನೋಡುತ್ತ ಕೂತ.