ದಪ್ಪ ಎಣ್ಣೆ

ಮುರುಗೇಶಪ್ಪ ಬಸ್ಸಿನ ಮೂತಿಗೆ ಸಿಕ್ಕಿಸಿದ ಹ್ಯಾಂಡಲನ್ನು ಏಳನೇ ಸಲ ತಿರುಗಿಸಲು ಹೋಗಿ ಮೊಣಕೈ ಉಳುಕಿಸಿಕೊಂಡ. ಬಸ್ಸು ನಿದ್ದೆಗಣ್ಣಿನ ರಾಕ್ಷಸನಂತೆ ಒಮ್ಮೆ ಗುರ್ರೆಂದು ಮತ್ತೆ ಮಲಗಿತು. ಮುಂದಿನ ಸೀಟಿನಲ್ಲಿ, ಹಣೆತುಂಬ ವಿಭೂತಿ ಬಳಿಸಿಕೊಂಡು ಕೂತಿದ್ದ ಮಾವ ಷಡಕ್ಷರಪ್ಪ, ಹದಿನಾರು ವರ್ಷ ಇದೇ ಬಸ್ಸು ಓಡಿಸಿದವರು, ಇವತ್ತು ಏನೂ ಹೇಳಲಿಲ್ಲ.

ಭದ್ರಾವತಿಯಲ್ಲಿ, ಅವರಪ್ಪನ ಸಮಾಧಿಯ ಪಕ್ಕ, ಗುಣಿ ತೋಡಿಯಾಗಿತ್ತು. ಅಲ್ಲೇ ಮಣ್ಣಾಗಬೇಕೆಂಬುದು ಅವರ ಆಸೆ. ಮಧ್ಯಾಹ್ನದ ಮೇಲೆ ಕಾಯುವುದಿಲ್ಲವೆಂದು ಸ್ವಾಮಿಗಳು ಹೇಳಿಕಳಿಸಿದ್ದರು. ಎತ್ತಿನ ಗಾಡಿ ಕಟ್ಟಿದರೆ ತಲುಪುವಾಗ ಸಂಜೆ; ಇಲ್ಲವೇ ಶಿವಮೊಗ್ಗದಲ್ಲೇ, ಯಾರದೋ ಮಗ್ಗುಲಲ್ಲಿ ಹೂಳಬೇಕು.

ಷಡಕ್ಷರಪ್ಪನವರ ಹೆಂಡತಿ ದ್ಯಾಮಮ್ಮ ಜಗಲಿಯಿಂದ ಇಳಿದು ಬಂದರು.

"ಯಾವ ಎಣ್ಣೆ ಹಾಕಿದೀಯಪ್ಪಾ?"

"ಐವತ್ತನೇ ನಂಬರು, ಅತ್ತೆ. ಎಲ್ಲಕ್ಕಿಂತ ದಪ್ಪದ್ದು. ಮಾವನೋರ ಕೊನೇ ಸವಾರಿ, ಒಳ್ಳೇದೇ ಇರ್ಲಿ ಅಂತ ನಿನ್ನೆ ಬದಲಾಯಿಸ್ದೆ."

"ಅದು ಬೇಸಿಗೇದಲ್ವೇನೋ, ಚಳೀಲಿ ಗಟ್ಟಿಯಾಗತ್ತೆ. ಚಳಿಗೆ ಮೂವತ್ತು, ಚಳಿಗೆ ಮೂವತ್ತು ಅಂತ ಅವರು ಬಡ್ಕೊಂಡಿದ್ದೆಲ್ಲ ನನ್ನ ಕಿವಿಗೇ ಬಿತ್ತಾ?"

ಮೂವತ್ತು ಪೇಟೆಯಲ್ಲೆಲ್ಲೂ ಇರಲಿಲ್ಲ. ಯುದ್ಧದ ಕಾಲ.

\*

ತೆಳು ಎಣ್ಣೆ ಸಿಗದ ಚಳಿಗಾಲದಲ್ಲಿ ಷಡಕ್ಷರಪ್ಪ ಇಂಜಿನಿನ ಎಣ್ಣೆ ಬಸಿದು ತಂದು, ಹೆಂಡತಿಯ ರೊಟ್ಟಿ ಹಂಚು ಸರಿಸಿ, ಒಲೆಗೆ ಬಾಣಲೆ ಏರಿಸುತ್ತಿದ್ದರು. ರೊಟ್ಟಿಗೆಲ್ಲ ಗ್ಯಾರೇಜಿನ ವಾಸನೆ. ಒಂದು ತೊಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ಬಿಡಿಸುವರು. ನೂಲಿನಂತೆ ಎಳೆ ಬಂದರೆ ಇನ್ನೂ ಕಾಯಬೇಕು. ಆಮೇಲೆ ಆ ಬೆರಳನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರೆಸುವರು. ಸೋಮವಾರ ದ್ಯಾಮಮ್ಮ ಬೂದಿ ಹಾಕಿ ತಿಕ್ಕಿದರೆ ಮಂಗಳವಾರ ಕಪ್ಪು ಮತ್ತೆ ಹಾಜರು.

"ನಿಮ್ಮ ಬಸ್ಸಿಗೇ ಒಂದು ಒಲೆ ಕಟ್ಟಿಸ್ಕೊಳ್ಳಿ."

"ಕಟ್ಟಿಸ್ದ್ರೆ ನೀನು ಬೈಯೋದು ಯಾರ್ನ, ಮಾರಾಯ್ತಿ?"

\*

ದ್ಯಾಮಮ್ಮ ಸೌದೆ ಎತ್ತಿಕೊಂಡದ್ದು ಕಂಡು ಪಕ್ಕದ ಮನೆಯ ಉಮಾಮಹೇಶ್ವರಿ ಅಡ್ಡ ಬಂದಳು.

"ಅಣ್ಣ ಇನ್ನೂ ಬಾಗ್ಲಲ್ಲೇ ಇದಾರೆ. ಸಾವಿನ ಮನೇಲಿ ಒಲೆ ಹಚ್ತಾರಾ, ಅತ್ತಿಗೆ?"

"ಬಾಯಿಗೆ ಹಾಕ್ಕೊಳ್ಳೋಕಲ್ಲ ಬಿಡು."

ಮುರುಗೇಶಪ್ಪ ಎಣ್ಣೆ ಬಸಿದು ತಂದ. ಹೊಗೆ ತುಂಬಿ, ಅದೇ ಹಾಳು ವಾಸನೆ ಎದ್ದಿತು. ದ್ಯಾಮಮ್ಮ ಕಣ್ಣೊರೆಸಿಕೊಂಡು ಕಿಟಕಿಯಾಚೆಯ ಬಸ್ಸಿನತ್ತ ತಿರುಗಿದರು.

"ಸತ್ತ ಮೇಲಾದ್ರೂ ನನ್ನ ಒಲೆ ಬಿಡಬಾರ್ದಾ ನೀವು?"

ಸೌಟಿನ ತುದಿಯ ತೊಟ್ಟನ್ನು ಬೆರಳಲ್ಲಿ ಉಜ್ಜಿದರು. ಎಳೆ ಬಂತು. ಇನ್ನೆರಡು ಸೌದೆ ತಳ್ಳಿದರು. ಮತ್ತೆ ಉಜ್ಜಿದಾಗ ಎಳೆ ಬರಲಿಲ್ಲ.

"ತಗೊಂಡ್ಹೋಗಿ ಹಾಕು."

ಹ್ಯಾಂಡಲಿನ ಎರಡನೇ ತಿರುವಿಗೇ ಬಸ್ಸು ಎದ್ದು ಕೂತಿತು. ಎಲ್ಲರೂ ಹತ್ತಿ ದ್ಯಾಮಮ್ಮನನ್ನು ಕೂಗಿದರು. ಅವರು ಒಲೆಗೆ ನೀರು ಚಿಮುಕಿಸಿ, ಕಪ್ಪು ಬೆರಳು ತೊಳೆಯಲೆಂದು ಬೂದಿಗೆ ಕೈ ಚಾಚಿದವರು ಹಾಗೇ ನಿಂತರು. ಆಮೇಲೆ ಬಾಗಿಲ ಚೌಕಟ್ಟಿನಲ್ಲಿ, ಗಂಡನ ಬೆರಳ ಗುರುತಿನ ಕೆಳಗೆ, ಎರಡೂ ಬೆರಳು ಒರೆಸಿ ಬಸ್ಸಿನತ್ತ ನಡೆದರು.