ಹಲಗೆ ಹಿಡಿದ ಮಾವ

ಬೈಕ್ ರೇಸ್ ನೋಡಲು ಬರುವವರ ಕಣ್ಣೆಲ್ಲ ಬೈಕಿನ ಮೇಲೆ. ಗೋಡೆಯ ಪಕ್ಕ ಸುಡು ಬಿಸಿಲಲ್ಲಿ ಹಲಗೆ ಹಿಡಿದು ನಿಂತವನನ್ನು ಯಾರು ಕೇಳುತ್ತಾರೆ, ಬಿಡಿ! ಅವನು ಬಂದರೂ ಒಂದೇ, ಹೋದರೂ ಒಂದೇ. ಆದರೆ ಬೈಕಿನ ಮೇಲೆ ಕೂತವನಿಗೆ ಮಾತ್ರ ಆ ಹಲಗೆಯೇ ಸರ್ವಸ್ವ. ಓಡಿಸುವವನ ಕಿವಿಯಲ್ಲಿ ಯಾರೂ ಏನನ್ನೂ ಹೇಳುವಂತಿಲ್ಲ. ಅದು ರೇಸಿನ ನಿಯಮ. ಸುತ್ತಿಗೊಮ್ಮೆ ನೇರ ದಾರಿಗೆ ಬಂದಾಗ ಅವನು ಕಣ್ಣು ಮಿಟುಕಿಸುವಷ್ಟು ಹೊತ್ತು ತಲೆ ಎತ್ತುತ್ತಾನೆ. ಹಲಗೆಯಲ್ಲಿ ಮೂರು ಸಾಲು. ಮೇಲಿನದು ನೀನು ಎಷ್ಟನೆಯವನು ಎನ್ನುತ್ತದೆ, ನಡುವಿನದು ಬೆನ್ನಟ್ಟಿದವನು ಎಷ್ಟು ಸೆಕೆಂಡು ಹಿಂದಿದ್ದಾನೆ ಎನ್ನುತ್ತದೆ, ಕೆಳಗಿನದು ಇನ್ನೆಷ್ಟು ಸುತ್ತು ಬಾಕಿ ಎನ್ನುತ್ತದೆ. ಅಷ್ಟನ್ನು ಓದಿಕೊಂಡು ಅವನು ಮತ್ತೆ ತಲೆ ತಗ್ಗಿಸಿ ಹೋಗಿಬಿಡುತ್ತಾನೆ.

ಈ ಹಲಗೆ ಹಿಡಿಯುತ್ತಿದ್ದವನನ್ನು ತಂಡದಲ್ಲಿ ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವನು ಮಾವನಾಗಿದ್ದದ್ದು ಒಬ್ಬನಿಗೆ ಮಾತ್ರ, ಬೈಕ್ ಓಡಿಸುತ್ತಿದ್ದ ಗುಬ್ಬಿಗೆ. ಗುಬ್ಬಿ ಅವನ ಅಕ್ಕನ ಮಗ. ಹುಟ್ಟಿದಾಗ ಹಿಡಿ ಗಾತ್ರ ಇದ್ದನಂತೆ, ಹೆಸರು ಹಾಗೇ ಅಂಟಿಕೊಂಡಿತು. ಅಕ್ಕನ ಮನೆ ಮಹಡಿಯಲ್ಲಿ, ಮಾವನ ರಿಪೇರಿ ಅಂಗಡಿ ಕೆಳಗೆ. ಮಗು ತೊಟ್ಟಿಲಿಗಿಂತ ಹೆಚ್ಚು ಹೊತ್ತು ಗ್ರೀಸಿನ ಡಬ್ಬಗಳ ನಡುವೆಯೇ ಕಳೆದಿತ್ತು. ಅಳಿಯನಿಗೆ ಕ್ಲಚ್ ಹಿಡಿಯಲು ಕಲಿಸಿದವನೂ ಮಾವನೇ, ಅವನು ರೇಸಿಗೆ ಇಳಿದ ಮೇಲೆ ಅಂಗಡಿಗೆ ಬೀಗ ಜಡಿದು ಅವನ ಹಿಂದೆ ಊರೂರು ಅಲೆದವನೂ ಮಾವನೇ. ತಂಡದ ಯಜಮಾನರು ಹಲಗೆಗೆ ಬೇರೆ ಯಾರನ್ನೋ ಇಡಬೇಕೆಂದಾಗ ಗುಬ್ಬಿ ಒಂದೇ ಮಾತು ಹೇಳಿದ್ದ: "ಮಾವ ಹಿಡಿದ್ರೆ ಓಡಿಸ್ತೀನಿ. ಇಲ್ಲಾಂದ್ರೆ ನೀವೇ ಓಡಿಸ್ಕೊಳ್ಳಿ."

ಆ ವರ್ಷ ಕೊನೆಯ ಮೂರು ರೇಸುಗಳು ಉಳಿದಿದ್ದಾಗ ಗುಬ್ಬಿ ಅಂಕಗಳಲ್ಲಿ ಎಲ್ಲರಿಗಿಂತ ಎಷ್ಟು ಮುಂದಿದ್ದನೆಂದರೆ, ಯಜಮಾನರು ತಮ್ಮ ಆಫೀಸಿನ ಗಾಜಿನ ಕಪಾಟಿನಲ್ಲಿ ವರ್ಷದ ಕಪ್ಪಿಗೆಂದು ನಡುವಿನ ಜಾಗ ಖಾಲಿ ಮಾಡಿಸಿಟ್ಟಿದ್ದರು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ," ಎಂದು ತಂಡದ ಟೈರಿನವನು ಅವರ ಬೆನ್ನ ಹಿಂದೆ ನಕ್ಕಿದ್ದ. ನಗಬಾರದಿತ್ತು, ಪುಣ್ಯಾತ್ಮ!

ಆ ಮೂರರಲ್ಲಿ ಮೊದಲನೆಯದರಲ್ಲೇ ಗುಬ್ಬಿ ಬಿದ್ದ. ರಾತ್ರಿ ಮಳೆ ಬಂದು ಟ್ರ್ಯಾಕಿನ ಒಂದು ತಿರುವಿನಲ್ಲಿ ತೇವ ಉಳಿದಿತ್ತು. ಬೈಕು ಒಂದು ಕಡೆ, ಅವನು ಒಂದು ಕಡೆ. ಎಡಭುಜದ ಎಲುಬು ಎರಡು ತುಂಡು. ಡಾಕ್ಟರು ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕಿದರು. "ಓಡಿಸೋದಾದ್ರೆ ಓಡಿಸಿ, ನಾನು ಕಟ್ಟಿಹಾಕೋಕಾಗಲ್ಲ. ಇನ್ನೊಂದ್ಸಲ ಅದೇ ಕಡೆ ಬಿದ್ರೆ ಮಾತ್ರ ಈ ಕೈ ಮೇಲೇಳುತ್ತಾ ಅಂತ ನನ್ನನ್ನ ಕೇಳ್ಬೇಡಿ," ಎಂದರು.

ಗುಬ್ಬಿ ಮಲಗಿದ್ದಲ್ಲೇ ಹಲ್ಲು ಕಿರಿದ. "ಕಪ್ ಎತ್ತೋಕೆ ಇನ್ನೊಂದು ಕೈ ಇದೆಯಲ್ಲ ಡಾಕ್ಟ್ರೇ."

ಅಕ್ಕ ನಗಲಿಲ್ಲ. ತಮ್ಮನನ್ನು ಆಸ್ಪತ್ರೆಯ ಮೆಟ್ಟಿಲ ಬಳಿಗೆ ಕರೆದುಕೊಂಡು ಹೋಗಿ ಎದುರು ನಿಂತಳು. ಹೆಂಗಸು ಅತ್ತಿದ್ದರೆ ಮಾವ ಹೇಗೋ ಸಮಾಧಾನ ಮಾಡುತ್ತಿದ್ದ. ಅವಳು ಅಳಲೂ ಇಲ್ಲ.

"ಲೋ, ಅವನ ಕೈಗೆ ಬೈಕ್ ಕೊಟ್ಟೋನು ನೀನು. ನಾನು ಬೇಡ ಬೇಡ ಅಂತ ಬಡ್ಕೊಂಡಾಗ, 'ನಾನಿದೀನಲ್ಲಕ್ಕ' ಅಂದೋನು ನೀನು."

"ಹೌದಕ್ಕ."

"ನಂಗೆ ಕಪ್ಪೂ ಬೇಡ ಗಿಪ್ಪೂ ಬೇಡ. ಕೈಕಾಲು ನೆಟ್ಟಗಿರೋ ಮಗನ್ನ ತಂದುಕೊಡು. ಇಲ್ಲಾಂದ್ರೆ ನನ್ನ ಮನೆ ಮೆಟ್ಟಿಲು ಹತ್ಬೇಡ."

ಎರಡನೆಯ ರೇಸಿಗೆ ಗುಬ್ಬಿ ಭುಜಕ್ಕೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ಇಳಿದ. ಹಲ್ಲು ಕಚ್ಚಿ ನಾಲ್ಕನೆಯವನಾಗಿ ಬಂದ. ಗೆದ್ದವನು ಹಸಿರು ಹೆಲ್ಮೆಟ್ಟಿನವನು, ವರ್ಷವಿಡೀ ಗುಬ್ಬಿಯ ಬಾಲ ಹಿಡಿದುಕೊಂಡೇ ಬಂದಿದ್ದವನು. ಲೆಕ್ಕ ಹಾಕಿ ನೋಡಿದರೆ ಅಷ್ಟು ದೊಡ್ಡ ಅಂತರವೆಲ್ಲ ಕರಗಿ ಇಬ್ಬರೂ ಸಮಸಮ. ಕೊನೆಯ ರೇಸಿನಲ್ಲಿ ಇವರಿಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ವರ್ಷದ ಕಪ್ ಅವರದು.

ಕೊನೆಯ ರೇಸಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಟೈರಿನವನ ಬಾಯಿಗೂ ಬೀಗ ಬಿದ್ದಿತ್ತು. ಗುಬ್ಬಿ ಹೆಲ್ಮೆಟ್ ಹಾಕಿಕೊಳ್ಳುವ ಮುಂಚೆ ಮಾವನ ಹತ್ತಿರ ಬಂದ.

"ಮಾವ, ಇವತ್ತು ಬಿಡಲ್ಲ. ಅವನು ಹತ್ರ ಬಂದ ಅಂತ ಗೊತ್ತಾದ್ರೆ ಸಾಕು, ಭುಜ ಕಿತ್ತು ಬಂದ್ರೂ ಸರಿ, ಬಿಡಲ್ಲ."

"ನಿಧಾನ ಕಣೋ," ಎಂದ ಮಾವ.

"ನಿಧಾನ ಮಾಡೋಕೆ ಇಲ್ಲಿಗೆ ಬರ್ಬೇಕಿತ್ತಾ?" ಎಂದು ಗುಬ್ಬಿ ನಕ್ಕು ಹೋದ.

ರೇಸ್ ಶುರುವಾಯಿತು. ಗುಬ್ಬಿ ಮೊದಲ ತಿರುವಿನಲ್ಲೇ ಮುಂದೆ ನುಗ್ಗಿದ. ಹಸಿರಿನವನು ಎರಡನೆಯವನಾಗಿ ಅವನ ಬೆನ್ನು ಹತ್ತಿದ. ಗೋಡೆಗೆ ಬಿಗಿದ ಪುಟ್ಟ ಯಂತ್ರದಲ್ಲಿ ಅಂತರ ಕಾಣುತ್ತಿತ್ತು, ಮಾವ ಅದನ್ನು ನೋಡಿ ಅಂಕಿ ತೂರಿಸಿ ಹಲಗೆ ಎತ್ತುತ್ತಿದ್ದ. ಅರ್ಧ ರೇಸ್ ಮುಗಿಯುವ ತನಕ ಎರಡು ಸೆಕೆಂಡು ಇತ್ತು. ಆಮೇಲೆ ಅದು ಒಂದೂವರೆಗೆ ಇಳಿಯಿತು, ಒಂದಕ್ಕೆ ಇಳಿಯಿತು. ಒಂದು ಎಂದು ತೋರಿಸಿದ ಮುಂದಿನ ಸುತ್ತಿನಲ್ಲೇ ನೇರ ದಾರಿ ಮುಗಿಯುವಲ್ಲಿ ಗುಬ್ಬಿ ಬ್ರೇಕ್ ಹಿಡಿದಾಗ ಬೈಕಿನ ಮೂತಿ ಅತ್ತಿತ್ತ ಒದ್ದಾಡಿತು. ಎಡಗೈ ಹಿಡಿತ ಕೊಡುತ್ತಿಲ್ಲ. ಆದರೂ ಹುಡುಗ ಮೊದಲಿಗಿಂತ ತಡವಾಗಿ ಬ್ರೇಕ್ ಹಿಡಿಯುತ್ತಿದ್ದಾನೆ. ಬೈಕು ಒಮ್ಮೆ ಪೂರ್ತಿ ವಾಲಿ, ಹೇಗೋ ಎದ್ದುಕೊಂಡು ಹೋಯಿತು.

ಇನ್ನು ಮೂರು ಸುತ್ತು. ಯಂತ್ರ ಅರ್ಧ ಸೆಕೆಂಡು ಎಂದು ತೋರಿಸಿತು.

ಅರ್ಧ ಎಂದು ತೋರಿಸಿದರೆ ಈ ಹುಡುಗ ಏನು ಮಾಡುತ್ತಾನೆಂದು ಮಾವನಿಗೆ ಗೊತ್ತಿತ್ತು. ಹೆತ್ತವಳಿಗಿಂತ ಚೆನ್ನಾಗಿ ಗೊತ್ತಿತ್ತು. ಕೈ ಅಂಕಿಗಳ ಪೆಟ್ಟಿಗೆಗೆ ಹೋಯಿತು. 0.5ಕ್ಕೆ ಬೇಕಾದ ಸೊನ್ನೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಎರಡನ್ನು ಎತ್ತಿಕೊಂಡಿತು.

ಹಲಗೆಯ ಮುಖ ಟ್ರ್ಯಾಕಿನ ಕಡೆಗೆ. ಹಿಂದೆ ನಿಂತವರಿಗೆ ಕಾಣುವುದು ಬರೀ ತಗಡಿನ ಬೆನ್ನು. ಯಜಮಾನರೋ ಒಳಗೆ ಟೀವಿಗೆ ಕಣ್ಣು ನೆಟ್ಟು ಕೂತಿದ್ದರು. ಗುಬ್ಬಿ ತಲೆ ಎತ್ತಿದ, ಓದಿದ, ಹೋದ. ನೇರ ದಾರಿಯ ತುದಿಯಲ್ಲಿ ಅವನು ಹಳೆಯ ಜಾಗದಲ್ಲೇ ಬ್ರೇಕ್ ಹಿಡಿದ. ಬೈಕು ಒದ್ದಾಡಲಿಲ್ಲ. ಮಾವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅವನ ಲೆಕ್ಕ ಇಷ್ಟೇ: ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಸಿರಿನವನ ಟೈರೂ ಸವೆದಿದೆ, ಅವನಿಗೂ ಸುಸ್ತಾಗಿದೆ. ಮೂರು ಸುತ್ತಲ್ಲವೇ, ಹೇಗೋ ಕಳೆದುಹೋಗುತ್ತದೆ. ಕೈಯೂ ಉಳಿಯುತ್ತದೆ, ಕಪ್ಪೂ ಸಿಗುತ್ತದೆ. ಎಂಥ ಲೆಕ್ಕ! ಅಕ್ಕನ ಮಾತು ಕಿವಿಯಲ್ಲಿ ಮೊಳಗುತ್ತಿರುವವನು ಎಲ್ಲಾದರೂ ಲೆಕ್ಕ ಮಾಡುತ್ತಾನೆಯೇ?

ಮುಂದಿನ ಸುತ್ತಿನಲ್ಲೂ ಎರಡು ಎಂದೇ ತೋರಿಸಿದ. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಅಂತರ ಇಲ್ಲವೇ ಇಲ್ಲ ಎನ್ನುವಂತಾಗಿತ್ತು, ಹಸಿರು ಹೆಲ್ಮೆಟ್ಟು ಗುಬ್ಬಿಯ ಬೆನ್ನಿಗೇ ಅಂಟಿತ್ತು. ಈಗ ನಿಜ ತೋರಿಸಿದರೆ ಹುಡುಗ ಗಾಬರಿಬಿದ್ದು ಒಂದೇ ಸುತ್ತಿನಲ್ಲಿ ಪ್ರಾಣ ಒತ್ತೆಯಿಡುತ್ತಾನೆ. ತೋರಿಸದಿದ್ದರೆ ಸೋಲುತ್ತಾನೆ. ಅತ್ತ ದರಿ, ಇತ್ತ ಪುಲಿ. ಮಾವ ಹಲಗೆ ಎತ್ತಿದ. ಅದರಲ್ಲಿ ಎರಡೇ ಇತ್ತು.

ಕಟ್ಟಕಡೆಯ ತಿರುವಿನಲ್ಲಿ ಗುಬ್ಬಿ ಆರಾಮಾಗಿ ಅಗಲಕ್ಕೆ ತಿರುಗಿದ. ಒಳಗಿನ ಸಂದಿಯಲ್ಲಿ ಹಸಿರಿನವನು ನುಗ್ಗಿಬಿಟ್ಟ. ಇವನು ಬೆಚ್ಚಿ ಆಕ್ಸಿಲರೇಟರ್ ತಿರುಗಿಸುವಷ್ಟರಲ್ಲಿ ಗೆರೆ ಬಂದೇಬಿಟ್ಟಿತು. ಮುಂದಿನ ಚಕ್ರದಷ್ಟು ಅಂತರದಲ್ಲಿ ಸೋತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಗ್ಯಾರೇಜಿನಲ್ಲಿ ಯಜಮಾನರು ಕುರ್ಚಿ ಒದ್ದರು. "ಏನಪ್ಪಾ ಅದು? ಅವನು ಕತ್ತಿಗೇ ಬಂದಿದಾನೆ, ನೀನು ಮದುವೆ ಮೆರವಣಿಗೆ ಹೋದಂಗೆ ಹೋಗ್ತೀಯಲ್ಲ! ಹಲಗೆ ನೋಡ್ಲಿಲ್ವಾ?"

ಮಾವ ಬಾಯಿ ತೆರೆದ. ಅಷ್ಟರಲ್ಲಿ ಗುಬ್ಬಿಯೇ ಹೇಳಿಬಿಟ್ಟ: "ನೋಡ್ಲಿಲ್ಲ. ನಂದೇ ತಪ್ಪು. ಕೊನೇಲಿ ಎಚ್ಚರ ತಪ್ಪಿದೆ." ಯಜಮಾನರು ಇನ್ನೊಂದು ಮಾತೂ ಆಡದೆ ಹೊರಗೆ ಹೋದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಜಾರಿಕೊಂಡರು.

ಮಾವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಕ್ಕ.

"ಬಿದ್ನಾ?"

"ಇಲ್ಲಕ್ಕ, ಬೀಳ್ಲಿಲ್ಲ. ಕೈ ಸರಿಯಾಗಿದೆ."

"ಅಬ್ಬಾ!" ಎಂದಳು ಅಕ್ಕ. ಆಸ್ಪತ್ರೆಯಲ್ಲಿ ಬಾರದ ಅಳು ಈಗ ಬಂತು. "ನೀನು ದೊಡ್ಡೋನು ಕಣೋ. ಮಾತು ಉಳಿಸ್ಕೊಂಡೆ. ಸೋತ್ರೆ ಸೋಲ್ಲಿ ಬಿಡು, ಬೇಗ ಬನ್ನಿ ಇಬ್ರೂ." ಅವಳ ಮಾತು ಮುಗಿಯುವ ತನಕ ಮಾವ ಹೂಂ ಹೂಂ ಎನ್ನುತ್ತಲೇ ಇದ್ದ.

ಗುಬ್ಬಿ ಟೈರಿನ ರಾಶಿಯ ಮೇಲೆ ಕೂತಿದ್ದ. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ಮೆಲ್ಲಗೆ ಮಾತಾಡಿದ.

"ಮಾವ, ಅಲ್ಲಿ ಆಚೆ ತಿರುವಲ್ಲಿ ಜನ ನೋಡೋಕೆ ದೊಡ್ಡ ಪರದೆ ಹಾಕಿದಾರಲ್ಲ, ಕೊನೇ ಸುತ್ತಲ್ಲಿ ಅದು ಕಣ್ಣಿಗೆ ಬಿತ್ತು. ಅವನು ನನ್ನ ಹಿಂದೇನೇ ಇದ್ದ, ಕೈ ಚಾಚಿದ್ರೆ ಸಿಗೋ ಹಂಗೆ."

ಮಾವ ಫೋನನ್ನು ಜೇಬಿಗೆ ಹಾಕಿಕೊಂಡ.

"ನಿನ್ನ ಹಲಗೇಲಿ ಎರಡು ಅಂತ ಇತ್ತು. ಹಂಗಾಗಿ, ಪರದೇಲಿ ಯಾವ್ದೋ ಹಳೇ ಸುತ್ತು ತೋರಿಸ್ತಿದಾರೆ ಅಂದ್ಕೊಂಡೆ." ಗುಬ್ಬಿ ನಗಲು ನೋಡಿದ, ಆಗಲಿಲ್ಲ. "ಯಜಮಾನ್ರ ಮುಂದೆ ಅದ್ಯಾಕೆ ಹೇಳೋದು ಅಂತ ಸುಮ್ನಾದೆ. ಬಿಸಿಲಲ್ಲಿ ನಿಂತೂ ನಿಂತೂ ನಿನಗೆ ಕಣ್ಣು ಮಂಜಾಗಿದೆ ಅನ್ಸುತ್ತೆ ಮಾವ. ಊರಿಗೆ ಹೋದ ತಕ್ಷಣ ಡಾಕ್ಟ್ರಿಗೆ ತೋರ್ಸೋಣ. ಬೇಜಾರು ಮಾಡ್ಕೋಬೇಡ, ಆಯ್ತಾ?"

ತಪ್ಪಿಸಿಕೊಳ್ಳಲು ಬಾಗಿಲು ಹಾರುಹೊಡೆದಿತ್ತು. ಹೌದು ಕಣೋ, ಕಣ್ಣು ಮಂಜು ಎಂದರೆ ಸಾಕಿತ್ತು. ಹುಡುಗ ಅವನನ್ನೇ ಸಮಾಧಾನ ಮಾಡುತ್ತಾ ಊರು ತಲುಪಿಸುತ್ತಿದ್ದ. ಆ ಮಾತು ನಾಲಿಗೆಯ ತುದಿಗೆ ಬಂದದ್ದೂ ಸುಳ್ಳಲ್ಲ. ಆದರೆ ತನ್ನ ಕಣ್ಣನ್ನೇ ನಂಬದೆ ಈ ಹಲಗೆಯನ್ನು ನಂಬಿದವನಿಗೆ ಇನ್ನೊಂದು ಸುಳ್ಳು ಹೇಳಲು ಅವನಿಂದಾಗಲಿಲ್ಲ.

"ನನ್ನ ಕಣ್ಣು ಚೆನ್ನಾಗೇ ಇದೆ, ಗುಬ್ಬಿ. ಅರ್ಧ ಅಂತ ನೋಡ್ದೆ. ನೋಡಿನೇ ಎರಡು ಹಾಕ್ದೆ. ಮೂರು ಸಲ. ನೀನು ಬೀಳ್ತೀಯ ಅಂತ ಹೆದರ್ಕೆ ಆಯ್ತು ಕಣೋ."

ಗುಬ್ಬಿ ಮಾವನ ಮುಖವನ್ನೇ ನೋಡಿದ. ಕೂಗಾಡಿದ್ದರೆ, ಹೆಲ್ಮೆಟ್ ಎತ್ತಿ ಎಸೆದಿದ್ದರೆ ಮಾವನಿಗೆ ಎಷ್ಟೋ ಹಗುರಾಗುತ್ತಿತ್ತು. ಗುಬ್ಬಿ ತನ್ನ ಎಡಭುಜವನ್ನು ಒಮ್ಮೆ ಮುಟ್ಟಿಕೊಂಡ.

"ಇದು ನಂದಲ್ವಾ ಮಾವ?" ಎಂದ.



ಗುಬ್ಬಿ ಎದ್ದು ನಿಂತು ಮೈಗೆ ಅಂಟಿದ ಚರ್ಮದ ಉಡುಪನ್ನು ಬಿಚ್ಚತೊಡಗಿದ. ಜಿಪ್ಪು ಕತ್ತಿನ ಬಳಿ ಸಿಕ್ಕಿಕೊಂಡಿತು. ಒಂದು ಕೈಯಲ್ಲಿ ಎಳೆದರೆ ಅದು ಬರುವುದಿಲ್ಲ. ಬಿದ್ದ ದಿನದಿಂದ ಅದನ್ನು ಎಳೆದುಕೊಡುತ್ತಿದ್ದವನು ಮಾವನೇ. ಅಭ್ಯಾಸಬಲದಿಂದ ಅವನು ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಿದ. ಗುಬ್ಬಿ ಅರ್ಧ ಹೆಜ್ಜೆ ಹಿಂದೆ ಸರಿದು ಬಾಗಿಲ ಕಡೆ ಮುಖ ಮಾಡಿದ.

"ಟೈರಣ್ಣ," ಎಂದು ಕೂಗಿದ, "ಇದ್ದೀಯಾ? ಒಂಚೂರು ಬಾ ಇಲ್ಲಿ. ಈ ಜಿಪ್ಪು ಎಳೆಯೋಕೆ ಯಾರೂ ಇಲ್ಲ."