ಹಸುವಿನ ಕಿವಿಗೆ ಎರಡು ಭಾಷೆ

ಹಸು ಹಾಲು ಬಿಡದೆ ಎರಡು ಹೊತ್ತಾಗಿತ್ತು. ಕಿರಿಸೊಸೆ ಬೆಳಗಿನಿಂದ ಅಡುಗೆಮನೆಗೂ ಕೊಟ್ಟಿಗೆಗೂ ಓಡಾಡಿದ ಓಡಾಟಕ್ಕೆ ಹೊಸ್ತಿಲು ಸವೆಯಬೇಕಿತ್ತು. ಕೂತರೆ ಎದ್ದು ಹೋಗಿ ನೋಡಬೇಕೆನಿಸುತ್ತಿತ್ತು. ಹೋದರೆ ನೋಡುವುದಕ್ಕೆ ಹೊಸದೇನೂ ಇರಲಿಲ್ಲ. ಕೆಚ್ಚಲು ಬಿಸಿಯಾಗಿ ಕಲ್ಲಿನಂತೆ ಬಿಗಿದುಕೊಂಡಿತ್ತು. ಕೈ ಸೋಕಿದರೆ ಸಾಕು, ಹಸು ಕಾಲೆತ್ತುತ್ತಿತ್ತು.

ಹಸು ಅವಳದಲ್ಲ, ಅವಳು ಅಕ್ಕ ಎಂದು ಕರೆಯುವ ಓರಗಿತ್ತಿಯದು. ಕರುವಾಗಿದ್ದಾಗ ಯಾರು ಸಾಕಿದರೋ ಅವರೇ ಹಾಲು ಕರೆಯುವುದು ಆ ಮನೆಯ ರೂಢಿ. ಈ ಸಲ ಹುಟ್ಟಿದ ಕರು ಮೂರೇ ದಿನಕ್ಕೆ ಸತ್ತಿತ್ತು. ಅಂದಿನಿಂದ ಹಿರಿಸೊಸೆ ಅದರ ಪಕ್ಕೆಗೆ ಹಣೆ ಒತ್ತಿ, ತನ್ನ ಭಾಷೆಯಲ್ಲಿ ಏನೋ ಗುನುಗುತ್ತಾ ಕೂತರೆ ಮಾತ್ರ ಅದು ಹಾಲಿಳಿಸುತ್ತಿತ್ತು. ಅವಳು ನಿನ್ನೆ ಬೆಳಗ್ಗೆ ಹಾಲು ಕರೆದಿಟ್ಟು ಆಸ್ಪತ್ರೆಗೆ ಹೋಗಿದ್ದಳು. ಮಧ್ಯಾಹ್ನ ಪಿತ್ತಕೋಶದ ಆಪರೇಷನ್ ಆಗಿತ್ತು. ಹೋಗುವಾಗ ಹೇಳಿದ್ದು ಒಂದೇ ಮಾತು: "ನನ್ನ ಹಸು ನಿನ್ನ ಕೈಲಿದೆ."

ದನದ ಡಾಕ್ಟರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು. "ನಾನು ಬರೋದು ನಾಳೆ. ಸಂಜೆಯೊಳಗೆ ಹೇಗಾದ್ರೂ ಹಾಲು ತೆಗೀರಿ. ಇನ್ನೊಂದು ಹೊತ್ತು ತಪ್ಪಿದ್ರೆ ಕೆಚ್ಚಲು ಬಾವು ಬಂತು ಅಂತಲೇ ತಿಳ್ಕೊಳ್ಳಿ." ಕೆಚ್ಚಲು ಕೆಟ್ಟ ಹಸುವನ್ನು ಆ ಮನೆಯಲ್ಲಿ ಇಟ್ಟುಕೊಂಡದ್ದಿಲ್ಲ. ಅಕ್ಕ ಬರುವಷ್ಟರಲ್ಲಿ ಗೂಟ ಬರಿದಾಗಿರುತ್ತದೆ.

"ಅವಳಾಡೋ ಮಾತನ್ನೇ ನೀನೂ ಆಡಿ ನೋಡೇ" ಎಂದರು ಅತ್ತೆ, ಬಾಗಿಲಲ್ಲಿ ನಿಂತು. "ಆ ಪುಸ್ತಕ ಬರೆದಿಟ್ಟಿದೀರಲ್ಲ ಇಬ್ಬರೂ, ಕೆಲಸ ಕಾರ್ಯ ಬಿಟ್ಟು."

ಪುಸ್ತಕವೆಂದರೆ ಎಣ್ಣೆ ಕಲೆಯ ಒಂದು ನೋಟುಬುಕ್ಕು. ಅಣ್ಣತಮ್ಮಂದಿರಿಬ್ಬರೂ ಹೊರನಾಡಿಗೆ ದುಡಿಯಲು ಹೋಗಿ ಒಬ್ಬೊಬ್ಬರು ಒಂದೊಂದು ದಿಕ್ಕಿನ ಹೆಣ್ಣನ್ನು ಮದುವೆಯಾಗಿ ಬಂದಿದ್ದರು. ಹಿರಿಯವಳದು ಜಾರ್ಜಿಯನ್, ಕಿರಿಯವಳದು ಭೋಜಪುರಿ. ಇಬ್ಬರೂ ಗಂಡನ ಮನೆಯ ಮಾತನ್ನು ಕಲಿತು ಅದರಲ್ಲೇ ಜಗಳವಾಡುವಷ್ಟು ಪಳಗಿದ್ದರು. ಬಿಡುವಾದಾಗ ಮಾತ್ರ ನೋಟುಬುಕ್ಕಿನಲ್ಲಿ ತಂತಮ್ಮ ಭಾಷೆಯ ಪದಗಳನ್ನು ಎದುರು ಬದುರು ಬರೆಯುತ್ತಿದ್ದರು. ಹಿರಿಯವಳ ಅಕ್ಷರ ಹಗ್ಗದ ಕುಣಿಕೆಗಳ ಹಾಗೆ. ಕಿರಿಯವಳದು ತಂತಿಗೆ ನೇತುಹಾಕಿದ ಬಟ್ಟೆಯ ಹಾಗೆ.

ಅದರ ತುಂಬ ಇದ್ದದ್ದು ತಕರಾರೇ. ಹಾಲಿಗೆ ಅಕ್ಕನ ಭಾಷೆಯಲ್ಲಿ 'ರ್ದ್ಜೆ'. "ನಾಲಿಗೆ ಊರೋಕೆ ಒಂದು ಜಾಗ ಬೇಡ್ವಾ ಅಕ್ಕ, ಬರೀ ಕಲ್ಲುಮುಳ್ಳು" ಎಂದು ಕಿರಿಯವಳು ನಕ್ಕಿದ್ದಳು. "ನಿಮ್ಮದೋ, ಗಾಯ್ ಅಂದ್ರೆ ಸಾಲದು, ಮುದ್ದು ಬಂದ್ರೆ ಗಇಯಾ. ಪ್ರತಿ ಮಾತಿಗೂ ಬಾಲ" ಎಂದು ಅಕ್ಕ ತಿರುಗಿಸಿದ್ದಳು. ಅಕ್ಕ ತಂದೆಯನ್ನು 'ಮಾಮಾ' ಎನ್ನುವುದು ಕೇಳಿ, ತಾಯಿಯ ತಮ್ಮನನ್ನು ಹಾಗೆ ಕರೆದು ಬೆಳೆದ ಕಿರಿಯವಳು ಬಿದ್ದು ಬಿದ್ದು ನಕ್ಕಿದ್ದಳು. ಕೂಡಿ ಬಂದದ್ದು ಎರಡೇ. ನಲವತ್ತಕ್ಕೆ ಅಕ್ಕನವರು ಎರಡು ಇಪ್ಪತ್ತು ಎನ್ನುತ್ತಾರೆ. ಕಿರಿಯವಳ ಅಜ್ಜಿಯೂ ಇಪ್ಪತ್ತನ್ನು ಕೋರಿ ಎಂದು, ನಲವತ್ತನ್ನು ಎರಡು ಕೋರಿ ಎಂದು ಎಣಿಸುತ್ತಿದ್ದಳು. ಮತ್ತೆ, ಎರಡು ಭಾಷೆಯಲ್ಲೂ ಅವನು, ಅವಳು, ಅದು ಎಲ್ಲಕ್ಕೂ ಒಂದೇ ಮಾತು.

ಕಿರಿಯವಳು ನೋಟುಬುಕ್ಕು ಹಿಡಿದು ಹಸುವಿನ ಬದಿ ಕುಕ್ಕರಗಾಲಲ್ಲಿ ಕೂತಳು. ಅಕ್ಕನ ಸಾಲಿನ ಮಾತುಗಳನ್ನು ಅಕ್ಕ ಹೇಳಿಕೊಟ್ಟಂತೆ ಒಂದೊಂದಾಗಿ ಓದಿದಳು: ಹಾಲು, ಹುಲ್ಲು, ತಾಯಿ, ನೀರು. ಹಸು ಕಿವಿಯನ್ನೂ ಆಡಿಸಲಿಲ್ಲ. ಕೆಚ್ಚಲಿಗೆ ಕೈ ಹೋದದ್ದೇ, ಬಕೆಟ್ಟು ಗೋಡೆಗೆ ಬಡಿಯಿತು.

"ಶಾಲೆ ಮಕ್ಕಳ ಪಾಠ ಓದಿದ ಹಾಗಿತ್ತು" ಎಂದರು ಅತ್ತೆ. "ನನಗೇ ಒದೆಯೋಣ ಅನ್ನಿಸ್ತು."

ಮಧ್ಯಾಹ್ನ ಆಸ್ಪತ್ರೆಯಿಂದ ಭಾವ ಫೋನು ಮಾಡಿ ಅಕ್ಕನಿಗೆ ಕೊಟ್ಟರು. ಕಿರಿಯವಳು ಸ್ಪೀಕರ್ ಹಾಕಿ ಹಸುವಿನ ಮುಖದ ಹತ್ತಿರ ಹಿಡಿದಳು. ಅಕ್ಕ ಎಂದೂ ಇಲ್ಲದ ಸಕ್ಕರೆ ದನಿಯಲ್ಲಿ ಏನೇನೋ ಕರೆದಳು. ಹಸು ಹಿಂದೆ ಮುಂದೆ ನೋಡಿತು. ದನಿಯುಂಟು, ಆಳಿಲ್ಲ. ಹಗ್ಗ ಜಗ್ಗಿ ಕೂಗಿಕೊಂಡಿತು.

ಅವಳು ಫೋನನ್ನು ಕಿವಿಗಿಟ್ಟುಕೊಂಡು ಅಂಗಳಕ್ಕೆ ಬಂದಳು. "ಅಕ್ಕ, ದಿನಾ ಇದನ್ನೇ ಹೇಳ್ತಿದ್ದೆಯಾ?"

ಹುಲ್ಲು ಹಾಕಿದೆಯಾ, ನೀರಿಟ್ಟೆಯಾ ಎಂದು ಅಕ್ಕ ಬೇರೇನೋ ಕೇಳಿದಳು.

"ಹೊತ್ತಾಗ್ತಿದೆ ಅಕ್ಕ. ಕೆಚ್ಚಲು ಸುಡ್ತಾ ಇದೆ."

"ಇದಲ್ಲ" ಎಂದಳು ಅಕ್ಕ ಕೊನೆಗೆ. "ನಿನ್ನ ಸುದ್ದಿ ಹೇಳ್ತಿದ್ದೆ."

"ನನ್ನ ಸುದ್ದಿನಾ?"

"ಪಾತ್ರೆ ಮುಚ್ಚಲ್ಲ. ಬೆಳಗ್ಗೆ ಎದ್ದರೆ ಹಾಡು. ನಾನು ಏಳು ವರ್ಷದಿಂದ ಮಾಡೋ ಚಹಾ ಬಿಟ್ಟು ಅತ್ತೆ ನಿನ್ನ ಚಹಾನೇ ಹೊಗಳ್ತಾರೆ. ಇನ್ಯಾರಿಗೆ ಹೇಳಲಿ? ಅದಕ್ಕೆ ಹೇಳ್ತಿದ್ದೆ. ನಮ್ಮ ಭಾಷೇಲಿ ಅವಳು ಅಂತಿದ್ದೀನೋ ಅದು ಅಂತಿದ್ದೀನೋ, ಹಸುವಿಗೂ ಗೊತ್ತಾಗಲ್ಲ."

ಕಿರಿಯವಳ ಮುಖ ಬಿಸಿಯಾಯಿತು. ಫೋನು ಇಟ್ಟಳು. ಅಂಗಳದಲ್ಲಿ ಮೂರು ಸುತ್ತು ಹಾಕಿದಳು. ಒಣಗಿದ್ದ ಬಟ್ಟೆ ತೆಗೆದಳು, ಮತ್ತೆ ತಂತಿಗೇ ಹಾಕಿದಳು. ಬಿಸಿಲು ಗೋಡೆ ಇಳಿಯುತ್ತಿತ್ತು.

ಆಮೇಲೆ ಬಿರಬಿರನೆ ಕೊಟ್ಟಿಗೆಗೆ ಹೋದಳು. ಬಿಸಿನೀರಿನ ಬಟ್ಟೆಯಿಂದ ಕೆಚ್ಚಲು ಒರೆಸಿ, ಪಕ್ಕೆಗೆ ಹಣೆ ಒತ್ತಿ, ಹಲ್ಲು ಕಚ್ಚಿದ ದನಿಯಲ್ಲಿ ಭೋಜಪುರಿಯಲ್ಲೇ ಶುರು ಮಾಡಿದಳು. ನಿನ್ನ ಯಜಮಾನಿ ಏನು ಕಮ್ಮಿಯಾ? ನಾನು ಮಡಿಸಿದ ಬಟ್ಟೆ ಬಿಚ್ಚಿ ಮತ್ತೆ ಮಡಿಸುತ್ತಾಳೆ. ನಾನು ಉಪ್ಪು ಹಾಕಿದ ಮೇಲೆ ರುಚಿ ನೋಡಿಯೇ ನೋಡುತ್ತಾಳೆ. ದೀಪ ಆರಿಸಿದೆಯಾ, ಬಾಗಿಲು ಹಾಕಿದೆಯಾ, ನಾನೇನು ಹಾಲು ಕುಡಿಯೋ ಕೂಸಾ? ಮಾತಿಗೆ ಮಾತು ಕೊಂಡಿ ಹಾಕಿಕೊಂಡು ಬಂತು. ಕೈಯೂ ಅದರ ಜೊತೆಗೇ ನಡೆಯಿತು. ಹಸುವಿನ ಕಿವಿ ಒಂದು ಹಿಂದಕ್ಕೆ ಹೊರಳಿತು.

ನಮ್ಮಪ್ಪ ತೀರಿಕೊಂಡ ಸುದ್ದಿ ಬಂದ ದಿನ, ಎಂದಳು. ಒಂದು ಮಾತಾಡಲಿಲ್ಲ ನಿನ್ನ ಯಜಮಾನಿ. ತಲೆ ತಗ್ಗಿಸಿ ಇಲ್ಲಿಗೆ ಬಂದುಬಿಟ್ಟಳು.

ಅವಳ ಕೈ ನಿಂತಿತು. ಅಂದು ಹೊತ್ತು ಮುಳುಗಿ ಹಾಲು ಕರೆದಾದ ಮೇಲೂ ಕೊಟ್ಟಿಗೆಯಿಂದ ಗುನುಗು ಕೇಳುತ್ತಲೇ ಇತ್ತು. ಅದೂ ತನ್ನ ಸುದ್ದಿಯೇ ಇರಬೇಕು.

ಹಸು ಬಾಲ ಬೀಸಿ, ಮುಂದುವರಿಸು ಎಂಬಂತೆ ಅವಳ ಬೆನ್ನಿಗೆ ಬಡಿಯಿತು. ಅವಳು ಮುಂದುವರಿಸಿದಳು. ಬೆರಳ ಕೆಳಗೆ ಬಿಗಿ ಸಡಿಲಿತು. ಮೊದಲು ನಾಲ್ಕು ಹನಿ, ಆಮೇಲೆ ಬಕೆಟ್ಟಿನ ತಳಕ್ಕೆ ಚರ್ರೆಂದು ಎಳೆ.

ಸಂಜೆ ಅಕ್ಕನ ಫೋನು ಬಂತು. "ಏನು ಹೇಳಿದೆ ಅದಕ್ಕೆ?"

"ನಿನ್ನ ಸುದ್ದಿ. ಇನ್ನೂ ಅರ್ಧ ಆಗಿಲ್ಲ, ಬೆಳಗ್ಗೆಗೂ ಉಳಿದಿದೆ."

ಆ ಕಡೆಯಿಂದ ನಗು, ಹಿಂದೆಯೇ ನರಳಿಕೆ. "ನಗಿಸಬೇಡ ಕಣೇ, ಹೊಲಿಗೆ ಎಳೆಯುತ್ತೆ." ಅದರ ನಡುವೆಯೇ ಕೇಳಿದಳು: "ಪಾತ್ರೆ ಮುಚ್ಚಿದೆಯಾ?"

ಕಿರಿಯವಳು ಫೋನು ಹಿಡಿದೇ ಎದ್ದು ಹೋಗಿ ನೋಡಿದಳು. ಮುಚ್ಚಿರಲಿಲ್ಲ.

"ಮುಚ್ಚಿದೀನಿ ಅಕ್ಕ" ಎನ್ನುತ್ತಾ ಸದ್ದಾಗದಂತೆ ತಟ್ಟೆ ಮುಚ್ಚಿದಳು.